ಕೋಟೆ ಬಾಗಿಲಿನ ಗಾಯ

ಆನ್ಸೆಲ್ಮ್, ನೀನು ಸಮಾಧಿಯಲ್ಲಿ ಸುಖವಾಗಿ ಮಲಗಿದ್ದೀಯ, ಇಲ್ಲಿನ ರಗಳೆ ಕೇಳು. ಇವತ್ತು ಊರು ತೋರಿಸುವ ಹುಡುಗಿ ಪ್ಯಾರಿಸ್ಸಿನ ಪ್ರವಾಸಿಗರಿಗೆ ಕೋಟೆ ಬಾಗಿಲಿನ ಒಡೆದ ಕಲ್ಲು ತೋರಿಸಿ, "ಆರುನೂರು ವರ್ಷದ ಹಿಂದೆ ಇಂಗ್ಲಿಷರ ಫಿರಂಗಿ ಹೊಡೆದ ಏಟು ಇದು," ಎಂದಳು.

"ಫಿರಂಗಿಯಲ್ಲ ಕಣಮ್ಮಾ, ನನ್ನ ಗಂಡ! ದ್ರಾಕ್ಷಿ ಕೊಯ್ಲಿನ ದಿನ ಕುಡಿದು ಟ್ರ್ಯಾಕ್ಟರ್ ಗುದ್ದಿಸಿದ್ದು," ಎಂದುಬಿಟ್ಟೆ.

ಪಕ್ಕದಲ್ಲೇ ಮೇಯರ್ ನಿಂತಿದ್ದ. "ಹೌದಾ ಅಜ್ಜಿ? ಇತಿಹಾಸ ಅಂತ ಬಿಟ್ಟಿದ್ವಿ. ನಾಳೇನೇ ಗಾರೆ ಮೆತ್ತಿಸ್ತೀನಿ."

ನನ್ನ ನಾಲಿಗೆಗೆ ಬೆಂಕಿ ಬೀಳಲಿ. ನೀನಿದ್ದಾಗ ಆ ಬಾಗಿಲು ದಾಟಿದಾಗಲೆಲ್ಲ ನಿನ್ನನ್ನು ಬೈಯುತ್ತಿದ್ದೆ. ಈಗ ಬ್ರೆಡ್ ತರಲು ಹೋಗುವಾಗ ಆ ಕಲ್ಲಿನ ಮೇಲೆ ಕೈಯಿಟ್ಟೇ ಮುಂದೆ ಹೋಗುತ್ತೇನೆ.

ನಾಳೆ ಬೆಳಿಗ್ಗೆ ಅಡುಗೆಮನೆಯ ಕುರ್ಚಿ ಒಯ್ದು ಆ ಕಲ್ಲಿಗೆ ಬೆನ್ನು ಕೊಟ್ಟು ಕೂರುತ್ತೇನೆ. ಗಾರೆಯವನು ಮೆತ್ತುವುದಾದರೆ ನನ್ನನ್ನೂ ಸೇರಿಸಿ ಮೆತ್ತಲಿ.