ಕಂಬದ ಗುಂಡಿಯ ಅಂಚಿನಲ್ಲಿ

ಫೆಬ್ರವರಿ 3, ಸೋಮವಾರ

ಮತ್ತೆ ಅದೇ ಕೆಲಸ. ಕಬ್ಬಿಣದ ಪಂಜರದ ಒಳಮೈಗೆ ಪ್ಲಾಸ್ಟಿಕ್ ಪೈಪು ಕಟ್ಟುವುದು. ಪಂಜರ ಗುಂಡಿಗಿಳಿದು, ಕಾಂಕ್ರೀಟು ಬಿದ್ದರೆ ಶಾಲೆಯ ಅಡಿಪಾಯಕ್ಕೆ ಒಂದು ಕಂಬ. ಪೈಪಿನ ನೀರು ನೆಲದಾಳದ ಶಾಖವನ್ನು ಮೇಲೆ ತರುತ್ತದೆ. ಮಕ್ಕಳು ಬೆಚ್ಚಗಿರುತ್ತಾರೆ. ಈ ವಿಯೆನ್ನಾ ಚಳಿಗೆ ನಮ್ಮ ಬೆರಳು ಮಾತ್ರ ಮರಗಟ್ಟಿವೆ.

ಜೊತೆಗೆ ಕೆಲಸ ಮಾಡುವ ಮಿಲೋರಾದ್ ಪೈಪಿಗೆ ಪ್ರೆಶರ್ ಕೊಟ್ಟ. ಮೀಟರಿನ ಮುಳ್ಳು ಇಳಿಯಿತು.

"ಮೇಸ್ತ್ರಿ, ಇದು ಸೋರ್ತಿದೆ. ಇಳಿಸ್ಬೇಡಿ."

"ಸೋರ್ಲಿ ಬಿಡೋ. ನೆಲದೊಳಗೆ ಹೋದ್ಮೇಲೆ ನಿಮ್ಮಜ್ಜ ಬಂದು ನೋಡ್ತಾನಾ?" — ಗೆರ್ನೋಟ್.

ಮಿಲೋರಾದ್ ಅಡ್ಡ ನಿಂತ. ಗೆರ್ನೋಟ್ ಸರಳಿನ ತುಂಡೆತ್ತಿ ದವಡೆಗೆ ಬಾರಿಸಿದ. ಹಲ್ಲು ಕೆಸರಿಗೆ ಬಿದ್ದವು. ಬಿಡಿಸಲು ಹೋದೆ... ನನ್ನ ಬಲ ಮಣಿಕಟ್ಟಿಗೂ ಒಂದು ಏಟು. ಎಲ್ಲರೂ ನೋಡಿದರು. ಒಬ್ಬನೂ ಹತ್ತಿರ ಬರಲಿಲ್ಲ. ಆ ಪಂಜರ ಹಾಗೇ ಇಳಿಯಿತು.

ಫೆಬ್ರವರಿ 4

ಕೈ ಊದಿದೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಆಫೀಸಿಗೆ ಹೋಗಿ ಹೇಳಿದೆ. "ಗೆರ್ನೋಟ್‌ಗೆ ಮೂಗಿನ ತುದೀಲೇ ಕೋಪ, ನಿಮಗೂ ಗೊತ್ತಲ್ಲ. ದೊಡ್ಡದು ಮಾಡ್ಬೇಡಿ" ಎಂದು ಕಾಫಿ ಕೊಟ್ಟರು. ಕುಡಿಯಲಿಲ್ಲ.

ಫೆಬ್ರವರಿ 19

ಮಿಲೋರಾದ್ ಮರಳಿದ. ಕೆನ್ನೆ ಇನ್ನೂ ಹಳದಿ-ನೀಲಿ. ಊಟಕ್ಕೆ ಬರೀ ಸೂಪು. ಈಗ ಕ್ರೇನ್‌ಗೆ ಕೈಸನ್ನೆ ಮಾಡುವ ಕೆಲಸ.

"ಪೊಲೀಸ್ ಹತ್ರ ಹೋಗೋಣ ಬಾರೋ. ನಾನೂ ಬರ್ತೀನಿ."

"ಬೇಡ ಲಿಂಡಕ್ಕ. ನಾನೇ ನೋಡ್ಕೋತೀನಿ."

ಫೆಬ್ರವರಿ 21, ಸಂಜೆ

ಇವತ್ತೇ ಬರೆಯಬೇಕು.

ಪಂಜರ ಕ್ರೇನಿನಲ್ಲಿ ತೂಗುತ್ತಿತ್ತು. ಗೆರ್ನೋಟ್ ಗುಂಡಿಯ ಅಂಚಿನಲ್ಲಿ ಬಗ್ಗಿದ್ದ. ಡ್ರೈವರ್‌ಗೆ ಗುಂಡಿ ಕಾಣುವುದಿಲ್ಲ, ಮಿಲೋರಾದನ ಕೈಯೇ ಅವನ ಕಣ್ಣು. ಮಿಲೋರಾದ್ ಗೆರ್ನೋಟನನ್ನು ನೋಡಿದ. ನನ್ನನ್ನೂ ನೋಡಿದ. ಆಮೇಲೆ ಕೈ ಕೆಳಗೆ ಮಾಡಿದ — ಇಳಿಸು.

ಪಂಜರ ಸೊಂಟಕ್ಕೆ ಬಡಿಯಿತು. ಗೆರ್ನೋಟ್ ಜಾರಿದ. ಪಂಜರಕ್ಕೂ ಗುಂಡಿಯ ಬಾಯಿಗೆ ಕೂರಿಸಿದ ಉಕ್ಕಿನ ಬಳೆಗೂ ನಡುವೆ ತೊಡೆ ಸಿಕ್ಕಿತು. ಮೂಳೆ ಮುರಿದ ಸದ್ದು ಯಂತ್ರದ ಗದ್ದಲದಲ್ಲೂ ಕೇಳಿಸಿತು. ಪೈಪು ತಬ್ಬಿಕೊಂಡು ಹಂದಿಯಂತೆ ಅರಚಿದ.

"ಮೇಲೆತ್ತಿಸೋ!"

"ಇಳೀಲಿ ಅಕ್ಕ. ಇನ್ನೊಂಚೂರು."

ನನ್ನ ಎಡಗೈಯಲ್ಲಿ ಸ್ಪಾನರ್ ಇತ್ತು. ಮಿಲೋರಾದನ ಮೊಣಕೈಗೆ ಬೀಸಿದೆ. ಕುಸಿದ. ನಾನೇ ಸನ್ನೆ ಮಾಡಿದೆ, ಪಂಜರ ಮೇಲೆದ್ದಿತು. ಓಡಿ ಬಂದವರೂ ನಾನೂ ಗೆರ್ನೋಟನ ಕೋಟು ಹಿಡಿದು ಎಳೆದೆವು. ಬಲಗಾಲಿನ ಪಾದ ಹಿಂದಕ್ಕೆ ತಿರುಗಿತ್ತು.

ಫೆಬ್ರವರಿ 26

ಗೆರ್ನೋಟ್ ಉಳಿದ. ಕಾಲು ತೆಗೆದರು. ಮಿಲೋರಾದ್ ಪೊಲೀಸರಿಗೆ "ಕಾಣಲಿಲ್ಲ" ಎಂದಿದ್ದಾನೆ. ನಾಳೆ ನನ್ನ ಸರದಿ.

ಸಂಜೆ ಮನೆಗೆ ಬಂದ. ಕೈಗೆ ಪ್ಲಾಸ್ಟರ್.

"ನಿಮ್ಗೋಸ್ಕರಾನೂ ಮಾಡ್ದೆ ಅಕ್ಕ."

"ನಾನು ಕೇಳಿದ್ನೇನೋ?"

"ನಾಳೆ ಏನ್ ಹೇಳ್ತೀರಿ?"

"ಅವನು ನಿನ್ನ ಹೊಡೆದಲ್ಲಿಂದ ಶುರು ಮಾಡಿ, ಕೊನೇವರೆಗೂ."

"ಕೊನೇವರೆಗೂ ಅಂದ್ರೆ ನಂಗೆ ಜೈಲು."

"ಗೊತ್ತು ಕಣೋ."

ಗೋಡೆಗೆ ಹಣೆ ಚಚ್ಚಿಕೊಂಡ. ರಕ್ತ ಬಂತು. ಗಟ್ಟಿಯಾಗಿ ಹಿಡಿದುಕೊಂಡೆ. ಬಹಳ ಹೊತ್ತು ಅತ್ತ.

ಫೆಬ್ರವರಿ 27

ಎಲ್ಲ ಹೇಳಿದೆ. ಗೆರ್ನೋಟನ ಮೇಲೂ ಕೇಸು. ಮಿಲೋರಾದನನ್ನು ಕರೆದೊಯ್ದರು. ತಿರುಗಿ ನೋಡಲಿಲ್ಲ.

ಠಾಣೆಯ ಬಾಗಿಲಲ್ಲಿ ಅವನ ಹೆಂಡತಿ ರಾದೋಯ್ಕಾ ನನ್ನ ಕಪಾಳಕ್ಕೆ ಹೊಡೆದಳು. "ಅಕ್ಕ ಅಂತಿದ್ನಲ್ಲೇ ನಿನ್ನ!"

ಅವನನ್ನು ಕೊಲೆಗಾರನಾಗಲು ಬಿಡಲಿಲ್ಲ ಕಣೇ, ಎನ್ನಬೇಕಿತ್ತು. ಬಾಯಿ ತೆರೆದೆ. ಅವಳು ಮತ್ತೆ ಕೈ ಎತ್ತಿದಳು. ನಾನು ಆ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲು ಎಳೆದಳು, ನಾನು ಬಿಡಲಿಲ್ಲ.