ಹತ್ತು ವಾರದ ಮರಿ

ಮಾರ್ಚ್ ೧೬, ಸೋಮವಾರ

ಪ್ರೀತಿಯ ತಂಗಿಗೆ,

ಕಳೆದ ತಿಂಗಳ ಎರಡನೇ ಭಾನುವಾರ, ನಮ್ಮ ಮನೆಯ ಊಟದ ಮೇಜಿನ ಮುಂದೆ, ಎಲ್ಲರೂ ನೋಡುತ್ತಿರುವಾಗ ನೀನು ನಿನ್ನ ಭಾವನ ಕೈಗೆ ಒಂದು ಸುಳ್ಳನ್ನು ಕೊಟ್ಟೆ. ಆ ಸುಳ್ಳಿಗೆ ನಾಲ್ಕು ಕಾಲಿದ್ದವು, ಹತ್ತಿಯಂಥ ಮೈಯಿತ್ತು, ಕೊರಳಲ್ಲಿ ಕೆಂಪು ರಿಬ್ಬನ್ನಿತ್ತು. ಹತ್ತು ವಾರದ ಮರಿ ಎಂದೆ. ಆಮೇಲೆ, ಈ ತಿಂಗಳ ಮೊದಲ ಶನಿವಾರ, ನಿಮ್ಮ ಶ್ವಾನಪ್ರಿಯರ ಸಂಘದ ಸಭೆಯಲ್ಲಿ ಮೈಕು ಹಿಡಿದು, ಕೈಗುಣ ಇಲ್ಲದವರ ಮನೆಗೆ ಮರಿ ಕೊಡಬಾರದು ಅನ್ನೋದಕ್ಕೆ ನಮ್ಮ ಭಾವನೇ ಸಾಕ್ಷಿ ಎಂದೆ. ಮೊದಲನೆಯದು ತಪ್ಪು. ಎರಡನೆಯದು ಅನ್ಯಾಯ. ತಪ್ಪನ್ನು ನಾನು ಮನೆಯೊಳಗೆ ಮುಚ್ಚಿಡುತ್ತಿದ್ದೆನೇನೋ. ಅನ್ಯಾಯವನ್ನು ಮುಚ್ಚಿಡುವುದಿಲ್ಲ.

‘ಪ್ರೀತಿಯ’ ಎಂದು ಬರೆದದ್ದನ್ನು ಹೊಡೆದುಹಾಕಲು ಪೆನ್ನು ಹೋಯಿತು. ಪತ್ರಿಕೆಯಲ್ಲಿ ಕರಡು ತಿದ್ದಿಯೇ ನಿವೃತ್ತಳಾದವಳ ಕೈ, ಸುಮ್ಮನಿರುವುದಿಲ್ಲ. ಆಮೇಲೆ ಇರಲಿ ಎಂದು ಬಿಟ್ಟೆ. ಪ್ರೀತಿ ಇಲ್ಲದಿದ್ದರೆ ನೇರ ಸಂಪಾದಕರಿಗೇ ಬರೆಯುತ್ತಿದ್ದೆ. ಅಕ್ಕನಿಗೆ ನಲ್ಲಿ ನಿಂತರೂ ಪತ್ರ, ಬೀದಿ ದೀಪ ಆರಿದರೂ ಪತ್ರ ಅಂತ ನೀನು ನೆಂಟರ ಮುಂದೆ ನಗುತ್ತೀಯ. ನಗು. ನಮ್ಮ ಬೀದಿಯ ದೀಪ ಉರಿಯುತ್ತಿದೆ, ಅಷ್ಟು ಸಾಕು.

ಆ ಭಾನುವಾರ ನೆನಪಿದೆಯೇ? ಇವರು ಗಡಿಯಾರದ ಅಂಗಡಿಯ ಬಾಗಿಲು ಕೊನೆಯ ಸಲ ಎಳೆದು ಬಂದ ಮಾರನೆಯ ದಿನ. ಇಡೀ ಆಯುಷ್ಯ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತ ಮನುಷ್ಯ, ಇನ್ನು ಎರಡೂ ಕಣ್ಣಿನಿಂದ ಲೋಕ ನೋಡಲಿ ಅಂತ ನಾನೇ ಎಲ್ಲರನ್ನೂ ಊಟಕ್ಕೆ ಕರೆದಿದ್ದೆ. ನೀನು ಕೊನೆಯಲ್ಲಿ ಬಂದೆ, ಹೆಗಲ ಚೀಲದೊಳಗಿಂದ ಮರಿಯನ್ನು ತೆಗೆದು ಇವರ ಅಂಗೈಯಲ್ಲಿಟ್ಟೆ. ಇಷ್ಟು ಚಿಕ್ಕದಾ ಮಾರಾಯ್ತಿ, ಇದು ಬೆಕ್ಕಿನ ಮರಿಗಿಂತ ಚಿಕ್ಕದು ಅಂದೆ ನಾನು. ತಳಿನೇ ಚಿಕ್ಕದು ಅಕ್ಕ, ಟಾಯ್ ಪಾಮೆರೇನಿಯನ್ ಅಂದ್ರೆ ಹೀಗೇ, ನಿಂಗೆ ಪುಸ್ತಕದ ಹುಳ ಬಿಟ್ರೆ ಬೇರೆ ಪ್ರಾಣಿ ಗೊತ್ತಾ ಅಂದೆ ನೀನು. ಎಲ್ಲರೂ ನಕ್ಕರು, ನಾನೂ ನಕ್ಕೆ. ಇವರು ನಗಲಿಲ್ಲ. ಅಂಗೈಯನ್ನು ಕಿವಿಯ ಹತ್ತಿರ ಹಿಡಿದು, ಗಡಿಯಾರ ಕೇಳುವ ಹಾಗೆ ಅದರ ಎದೆಬಡಿತ ಕೇಳಿದರು. ಅಲ್ಲಿಯೇ ಅದಕ್ಕೆ ಚಿಕ್ಕಮುಳ್ಳು ಎಂದು ಹೆಸರಿಟ್ಟರು. ಗಡಿಯಾರದಲ್ಲಿ ನಿಧಾನ ಹೋಗೋದು ಚಿಕ್ಕಮುಳ್ಳೇ, ಆದ್ರೆ ಗಂಟೆ ಎಷ್ಟು ಅಂತ ಹೇಳೋದೂ ಅದೇ ಅಂದರು. ಅವರು ಅಷ್ಟು ಉದ್ದದ ಮಾತಾಡಿದ್ದು ನಮ್ಮ ಮದುವೆಯಾದ ಮೇಲೆ ಅದೇ ಮೊದಲಿರಬೇಕು.

ವಯಸ್ಸಿನ ವಿಷಯದಲ್ಲಿ ನಮ್ಮ ಮನೆಯ ನಾಲಿಗೆ ಮೊದಲಿನಿಂದಲೂ ಸಡಿಲ. ಬಸ್ಸಿನಲ್ಲಿ ಅರ್ಧ ಟಿಕೆಟ್ಟೂ ಉಳಿಯಲಿ ಅಂತ ಅಮ್ಮ ನಿನ್ನನ್ನು ವರ್ಷಗಟ್ಟಲೆ ಐದರಲ್ಲೇ ಇಟ್ಟಿದ್ದಳು. ಕಂಡಕ್ಟರ್ ಒಬ್ಬ, ಮೂರನೇ ಕ್ಲಾಸಿನ ಪುಸ್ತಕ ಓದೋ ಐದು ವರ್ಷದ ಮಗು, ಭಾರೀ ಬುದ್ಧಿವಂತೆ ಬಿಡಿ ಅಂದಿದ್ದ. ನಿನಗೆ ಗಂಡು ನೋಡುವಾಗ ಇನ್ನೆರಡು ವರ್ಷ ಕರಗಿದವು. ಆಗೆಲ್ಲ ನಾನು ಬಾಯಿ ಬಿಡಲಿಲ್ಲ, ಯಾಕೆಂದರೆ ಯಾರ ಹೊಟ್ಟೆಯೂ ಅದರಿಂದ ಬರಿದಾಗಲಿಲ್ಲ. ಆದರೆ ಹಾಲು ಬಿಡದ ಕೂಸಿಗೆ ವಯಸ್ಸು ಸೇರಿಸಿ ಹೇಳಿದರೆ, ಅದು ಆ ವಯಸ್ಸಿನ ಊಟ ಉಣ್ಣಬೇಕಾಗುತ್ತದೆ, ಆ ವಯಸ್ಸಿನ ಚಳಿ ತಡೆಯಬೇಕಾಗುತ್ತದೆ. ಮಾತಿನಲ್ಲಿ ವಯಸ್ಸು ಬಂದರೆ ಮೈಗೆ ಬರುವುದಿಲ್ಲ.

ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ನೀನು ಇವರಿಗೆ ಹೇಳಿದ್ದು ನನ್ನ ಕಿವಿಯಲ್ಲಿದೆ. ಭಾವ, ದಿನಕ್ಕೆ ಎರಡೇ ಸಲ ತಿನ್ನಿಸಿ, ಜಾಸ್ತಿ ಕೊಟ್ರೆ ಬೆಳೆದುಬಿಡುತ್ತೆ, ಅಂದ ಕೆಡುತ್ತೆ ಅಂದೆ. ನಿನ್ನ ಭಾವ ಎಂಥವರು ಎಂದು ನಿನಗೆ ಗೊತ್ತು. ಕೀ ಕೊಡುವ ಗಡಿಯಾರಕ್ಕೆ ಹೊತ್ತಿಗೆ ಸರಿಯಾಗಿ ಕೀ ಕೊಡುವ ಹಾಗೆ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಚಮಚ ಅಳೆದು ತಿನ್ನಿಸಿದರು. ಅದು ನಡುವೆ ಕುಂಯ್ ಎಂದರೆ, ಹೊತ್ತಾಗಿಲ್ಲ ಕಣೋ ಎಂದು ಸಮಾಧಾನ ಮಾಡಿದರು. ಅಂಗಡಿಯಿಂದ ತಂದಿದ್ದ ಹಳೆಯ ಮೇಜಿನ ಗಡಿಯಾರವೊಂದರ ಮರದ ಪೆಟ್ಟಿಗೆಗೆ ಮಖಮಲ್ಲು ಹಾಸಿ ಹಾಸಿಗೆ ಮಾಡಿದರು. ಮರಿ ನಡೆಯುವಾಗ ವಾಲುತ್ತಿತ್ತು. ಕುಡಿದವರ ಹಾಗೆ ನಡೀತಾನೆ ನೋಡಿ ಅಂತ ನಾನು ತಮಾಷೆ ಮಾಡಿದೆ. ಅದು ತಮಾಷೆಯಲ್ಲ, ಹಸಿವು ಎಂದು ತಿಳಿಯುವ ಹೊತ್ತಿಗೆ ಬುಧವಾರವಾಗಿತ್ತು.

ಬುಧವಾರ ಬೆಳಗಿನ ತಿಂಡಿ ಮುಗಿಸಿ ನೋಡಿದರೆ ಮರಿ ಪೆಟ್ಟಿಗೆಯಲ್ಲಿ ಅಲ್ಲಾಡದೆ ಮಲಗಿದೆ. ನಾನು ಎತ್ತಲು ಹೋದೆ, ಇವರು ತಡೆದರು. ಅವರ ಕಸುಬಿನಲ್ಲಿ ಒಂದು ಶಿಸ್ತಿದೆ: ರಿಪೇರಿಯಾದ ಗಡಿಯಾರವನ್ನು ಒಂದು ದಿನ ಮುಟ್ಟಬಾರದು, ಅಲ್ಲಾಡಿಸಬಾರದು, ತನ್ನ ಪಾಡಿಗೆ ಬಿಟ್ಟು ನೋಡಬೇಕು. ಅಂಗಡಿಗೆ ಬಂದು ಈಗಲೇ ಕೊಡಿ ಎಂದು ಅವಸರ ಮಾಡಿದವರನ್ನೆಲ್ಲ ಇದೇ ಮಾತು ಹೇಳಿ ವಾಪಸು ಕಳಿಸಿದವರು. ಹೊಸ ಮನೆ, ಈಗ ತಾನೇ ಹೊಂದ್ಕೊಳ್ತಾ ಇದೆ, ಮುಟ್ಟಬೇಡ, ಕೂತ್ಕೊಳ್ಳಲಿ ಅಂದರು. ಗಡಿಯಾರಕ್ಕೆ ಸರಿಯಾದದ್ದು ಜೀವಕ್ಕೆ ಸರಿಯಲ್ಲ ಎಂದು ಅವರಿಗೆ ಯಾರು ಹೇಳಬೇಕಿತ್ತು? ಮರಿ ಕೊಟ್ಟವಳು ಹೇಳಬೇಕಿತ್ತು. ಕೊನೆಗೆ ನಾನು ಅವರ ಮಾತು ಮೀರಿ ಎತ್ತಿದಾಗ ಅದರ ಕುತ್ತಿಗೆ ಒದ್ದೆ ಬಟ್ಟೆಯಂತೆ ಜೋತುಬಿತ್ತು. ತುಟಿ ಸರಿಸಿದರೆ ಒಸಡು ಬಿಳಿ ಕಾಗದ.

ಬೀದಿಯ ಕೊನೆಯ ಪಶುವೈದ್ಯೆಯ ಹತ್ತಿರ ಇವರು ಪೆಟ್ಟಿಗೆ ಸಮೇತ ಓಡಿದರು. ಹವಾಯಿ ಚಪ್ಪಲಿಯಲ್ಲಿ, ಬನಿಯನ್ನಿನಲ್ಲಿ. ಶರಟಿನ ಮೇಲಿನ ಗುಂಡಿ ಹಾಕದೆ ಗೇಟಿನವರೆಗೂ ಹೋಗದ ಮನುಷ್ಯ. ಹಿಂದೆಯೇ ನಾನೂ ಓಡಿದೆ. ಡಾಕ್ಟರಮ್ಮ ಮೊದಲು ಸಕ್ಕರೆ ಪಾಕವನ್ನು ಬೆರಳಿನಲ್ಲಿ ತೆಗೆದು ಒಸಡಿಗೆ ಉಜ್ಜಿದರು, ಬಿಸಿನೀರಿನ ಚೀಲ ತರಿಸಿದರು, ಸೂಜಿ ಚುಚ್ಚಲು ರಕ್ತನಾಳ ಹುಡುಕಿದರು. ಆಮೇಲೆ ಬಾಯಿ ಬಿಡಿಸಿ ನೋಡಿ, ಎಷ್ಟು ವಯಸ್ಸು ಅಂತ ಕೊಟ್ರು ಅಂದರು. ಹತ್ತು ವಾರ ಎಂದೆ. ಹಲ್ಲು ಈಗ ತಾನೇ ಮೂಡ್ತಾ ಇದೆ, ಐದು ವಾರ ದಾಟಿದ್ರೆ ಹೆಚ್ಚು ಅಂದರು. ಈ ಪುಟ್ಟ ತಳಿಗಳ ಮರಿಗೆ ಮೈಯಲ್ಲಿ ಕೂಡಿಟ್ಟದ್ದು ಏನೂ ಇರುವುದಿಲ್ಲವಂತೆ. ಹೊತ್ತುಹೊತ್ತಿಗೆ ಹೊಟ್ಟೆಗೆ ಬೀಳದಿದ್ದರೆ, ಚಳಿ ತಗುಲಿದರೆ, ಗಾಬರಿಯಾದರೆ, ರಕ್ತದ ಸಕ್ಕರೆ ಇಳಿದು ದೀಪ ಆರಿದ ಹಾಗೆ ಆಗುತ್ತದಂತೆ. ಮೂರು ತಿಂಗಳಾಗುವವರೆಗೆ ತಾಯಿ ಹತ್ರಾನೇ ಇರಬೇಕಾದ್ದು, ಇದನ್ನ ಯಾರ್ರೀ ಕಿತ್ಕೊಟ್ಟಿದ್ದು ಅಂದರು. ನನ್ನ ತಂಗಿ ಎಂದು ನಾನು ಹೇಳಲಿಲ್ಲ.

ಆಮೇಲೆ ಅಲ್ಲಿಂದಲೇ ನಿನಗೆ ಫೋನು ಮಾಡಿದೆ. ಮರಿ ಕಣ್ಣು ಬಿಡುತ್ತಿಲ್ಲ ಎಂದೆ. ನಿನ್ನ ಬಾಯಿಂದ ಬಂದ ಮೊದಲ ಮಾತು, ಭಾವ ಏನು ಮಾಡಿದ್ರು ಎಂಬುದು. ಮರಿಗೆ ಏನಾಯಿತು ಎಂದಲ್ಲ. ನಾನು ಫೋನು ಇಟ್ಟೆ. ಅವತ್ತಿನಿಂದ ನಿನ್ನ ಫೋನನ್ನು ಈ ಮನೆಯಲ್ಲಿ ಯಾರೂ ಎತ್ತಬಾರದು ಎಂದು ಹೇಳಿದವಳು ನಾನೇ. ಆದರೆ ಬಾಗಿಲು ತೆರೆದೇ ಇತ್ತು. ಎರಡು ಬೀದಿ ದಾಟಿ ಬಂದು, ಅದರ ಗತಿ ಏನಾಯಿತು ಅಕ್ಕ ಎಂದು ನೀನು ಕೇಳಲಿಲ್ಲ. ಕೇಳದೆಯೇ ನಿನ್ನ ಮನಸ್ಸಿನಲ್ಲಿ ಕತೆ ಮುಗಿಸಿದೆ. ಆ ಮಖಮಲ್ಲಿನ ಪೆಟ್ಟಿಗೆ ಈಗ ಖಾಲಿ ಬಿದ್ದಿದೆ.

ಸಭೆಯ ವಿಷಯ ನಮಗೆ ತಿಳಿದದ್ದು ಹೇಗೆ ಗೊತ್ತೇ? ಇವರು ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಮುಖ್ಯರಸ್ತೆಯ ಟೈಲರಮ್ಮನ ಅಂಗಡಿಗೆ ಹೋದರು. ಆಕೆ ನಿಮ್ಮ ಸಂಘದ ಸದಸ್ಯೆ, ಒಳ್ಳೆಯ ಹೆಂಗಸು. ಟೇಪು ಹಿಡಿದುಕೊಂಡೇ, ಬೇಜಾರು ಮಾಡ್ಕೋಬೇಡಿ ಸಾರ್, ಎಲ್ಲರ ಕೈಗೂ ಮರಿ ಒಗ್ಗಲ್ಲ, ನಿಮ್ಮ ನಾದಿನಿ ಮೈಕಲ್ಲಿ ಎಷ್ಟು ನೊಂದ್ಕೊಂಡು ಹೇಳಿದ್ರು ಗೊತ್ತಾ ಅಂದಳಂತೆ. ಇವರು ಪ್ಯಾಂಟನ್ನು ಹಾಗೆಯೇ ಮಡಿಸಿಕೊಂಡು ಮನೆಗೆ ಬಂದರು. ಅದು ಇವತ್ತಿಗೂ ಕುರ್ಚಿಯ ಮೇಲಿದೆ.

ಕೈಗುಣ. ಆ ಪದವನ್ನೇ ಆರಿಸಿಕೊಂಡೆಯಲ್ಲ. ನಿಂತುಹೋದ ಗಡಿಯಾರ ಹಿಡಿದು ಬೇರೆ ಅಂಗಡಿಗಳನ್ನೆಲ್ಲ ಸುತ್ತಿ ಬಂದವರು, ಇವರ ಕೈಗುಣ ಹಾಗಿದೆ, ತಾಗಿದ್ರೆ ಸಾಕು ಅಂತ ಹೇಳಿ ಹೋಗುತ್ತಿದ್ದ ಮಾತದು. ಈಗ ಅಡುಗೆಮನೆಯ ಗೋಡೆ ಗಡಿಯಾರ ನಿಂತಿದೆ, ಇವರು ಅದರ ಕೆಳಗೇ ಕೂತು ಚಹಾ ಕುಡಿಯುತ್ತಾರೆ, ತಲೆಯೆತ್ತುವುದಿಲ್ಲ. ಪಕ್ಕದ ಮನೆಯ ಅಜ್ಜಿ ತನ್ನ ಕೈಗಡಿಯಾರ ತಂದರೆ, ನನ್ನ ಕೈ ಸರಿಯಿಲ್ಲಮ್ಮ, ಬೇರೆ ಕಡೆ ತೋರ್ಸಿ ಅಂದರು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುವ ಗಾದೆ ನಿನಗೂ ಗೊತ್ತು. ಆದರೆ ನಮ್ಮ ಮನೆಯ ಮೇಕೆ, ತಿಂದದ್ದು ತಾನೇ ಎಂದು ನಂಬಿಬಿಟ್ಟಿದೆ. ಅದನ್ನೇ ನನಗೆ ಸಹಿಸಲಾಗುತ್ತಿಲ್ಲ.

ಅಣ್ಣ ರಾಜಿ ಮಾಡಿಸಲು ಬಂದಿದ್ದ. ಒಂದು ನಾಯಿಮರಿ ವಿಷಯಕ್ಕೆ ಅಕ್ಕ ತಂಗಿ ಮುಖ ತಿರುಗಿಸ್ಕೊಂಡ್ರೆ ಜನ ನಗ್ತಾರೆ, ಹೋಗ್ಲಿ ಬಿಡು ಅಂದ. ಹೋಗಲಿ ಬಿಡು ಎನ್ನುವುದು ನಮ್ಮ ಮನೆತನದ ಕುಲಗೀತೆ. ಯಾರು ಯಾರಿಗೆ ಏನು ಮಾಡಿದರೂ ಕೊನೆಗೆ ಎಲ್ಲರೂ ಎದ್ದು ನಿಂತು ಅದನ್ನೇ ಹಾಡುತ್ತೇವೆ. ನಾನು ಈ ಸಲ ಕೂತೇ ಇರುತ್ತೇನೆ ಎಂದೆ. ಅವನು ಚಹಾ ಪೂರ್ತಿ ಕುಡಿಯದೆ ಹೋದ. ಅವನ ಮಾತು ಬೇರೆ, ನಿನ್ನ ಮಾತು ಬೇರೆ ಇರುತ್ತದೆ ಎಂದು ಗೊತ್ತು. ಎಲ್ಲರೂ ಹೀಗೇ ಕೊಡ್ತಾರಕ್ಕ, ಬೇಗ ಹೋದ್ರೆ ಬೇಗ ಹೊಂದ್ಕೊಳ್ಳುತ್ತೆ, ತಡವಾದ್ರೆ ಮೈಕೂದಲು ಕೆದರಿ ಮುದ್ದು ಹೋಗುತ್ತೆ, ಆಮೇಲೆ ಯಾರು ತಗೋತಾರೆ ಅನ್ನುತ್ತೀಯ. ಹಾಗಾದರೆ ನೀನು ಕೊಡುತ್ತಿರುವುದು ಮರಿಯನ್ನಲ್ಲ, ಮುದ್ದನ್ನು. ಕಚ್ಚಿದರೆ ನೋಯುತ್ತದೆ ಎಂಬುದನ್ನು ಮರಿ ಕಲಿಯುವುದು ತಾಯಿಯಿಂದ, ಒಡಹುಟ್ಟಿದವರಿಂದ. ಆ ಪಾಠಕ್ಕೂ ಮುಂಚೆ ಬಿಡಿಸಿ ತಂದದ್ದು ಯಾರ ಮನೆಯಲ್ಲೂ ನೆಮ್ಮದಿಯಾಗಿರುವುದಿಲ್ಲ. ಇದೆಲ್ಲ ಗ್ರಂಥಾಲಯದ ಪುಸ್ತಕದಲ್ಲಿದೆ. ಪುಸ್ತಕದ ಹುಳಕ್ಕೆ ಅಷ್ಟು ಪ್ರಯೋಜನವಾದರೂ ಬೇಡವೇ?

ಆ ಗ್ರಂಥಾಲಯದ ಗೋಡೆಯ ಮೇಲೆಯೇ ನಿನ್ನ ಪೋಸ್ಟರ್ ನೋಡಿದೆ. ಬರುವ ಭಾನುವಾರ ಸಂಘದ ಶ್ವಾನ ಪ್ರದರ್ಶನ, ಅಂಗೈಯಲ್ಲಿ ಹಿಡಿಸುವ ಮರಿಗಳು ಅಲ್ಲಿಯೇ ಲಭ್ಯ, ವಯಸ್ಸು ಹತ್ತು ವಾರ, ಸಂಪರ್ಕಕ್ಕೆ ಕಾರ್ಯದರ್ಶಿ. ಕಾರ್ಯದರ್ಶಿ ಎಂದರೆ ನೀನು. ಚಿತ್ರದಲ್ಲಿ ನಿನ್ನ ಬಿಳಿ ನಾಯಿಯ ಹೊಟ್ಟೆಗಂಟಿಕೊಂಡ ನಾಲ್ಕು ಮರಿಗಳು. ತಂಗೀ, ನನ್ನ ನೆನಪಿನ ಶಕ್ತಿ ನಿನಗೆ ಶತ್ರು ಎಂದು ನೀನೇ ಹೇಳುತ್ತಿದ್ದೆ. ನಮ್ಮ ಮನೆಯ ಊಟದ ದಿನ ನೀನು ಕೈ ತೊಳೆದವಳೇ, ಬೇಗ ಹೋಗ್ಬೇಕಕ್ಕ, ಬಿಳಿಯದು ಇವತ್ತೋ ನಾಳೆಯೋ ಮರಿ ಹಾಕುತ್ತೆ ಎಂದು ಹೊರಟೆ. ಅವತ್ತಿನ್ನೂ ಹೊಟ್ಟೆಯಲ್ಲಿದ್ದ ಮರಿಗಳಿಗೆ ಬರುವ ಭಾನುವಾರ ಹತ್ತು ವಾರ ಹೇಗಾಗುತ್ತದೆ? ಆರೂ ತುಂಬಿರುವುದಿಲ್ಲ. ಇನ್ನು ನಾಲ್ಕು ಮನೆಗಳಲ್ಲಿ ನಾಲ್ಕು ಜನ, ನೀನು ಹೇಳಿದಂತೆ ಚಮಚ ಅಳೆದು, ಆಮೇಲೆ ತಮ್ಮ ಕೈಯನ್ನೇ ಶಪಿಸಿಕೊಳ್ಳಬೇಕೇ?

ಆದ್ದರಿಂದ ನನ್ನ ಬೇಡಿಕೆ ಇದು. ಮನೆಗೆ ಬಂದು ಅಡುಗೆಮನೆಯಲ್ಲಿ ಕಣ್ಣೀರು ಹಾಕಬೇಡ, ಅಣ್ಣನ ಕೈಯಲ್ಲಿ ಹಣ್ಣಿನ ಬುಟ್ಟಿ ಕಳಿಸಬೇಡ. ನೀನು ಇವರ ಹೆಸರು ಕೆಡಿಸಿದ್ದು ಮೈಕಿನಲ್ಲಿ. ಅದೇ ಮೈಕಿನಲ್ಲಿ, ಭಾನುವಾರ, ಅದೇ ಜನರ ಮುಂದೆ, ಭಾವನಿಗೆ ಕೊಟ್ಟ ಮರಿಗೆ ಐದು ವಾರವಾಗಿತ್ತು, ನಾನು ಹತ್ತು ಎಂದೆ, ಎರಡೇ ಸಲ ತಿನ್ನಿಸಿ ಎಂದವಳೂ ನಾನೇ, ಅವರ ಕೈಯದು ತಪ್ಪಿಲ್ಲ ಎಂದು ಹೇಳು. ಈ ನಾಲ್ಕನ್ನು ತಾಯಿಯೇ ಸಾಕೆಂದು ದೂಡುವವರೆಗೆ ಕೊಡುವುದಿಲ್ಲ ಎಂದೂ ಹೇಳು. ಹೇಳದಿದ್ದರೆ ಮುಂದಿನ ಸಾಲಿನಿಂದ ನಾನೇ ಎದ್ದು ಕೇಳುತ್ತೇನೆ. ಡಾಕ್ಟರಮ್ಮನೂ ಬರುತ್ತೇನೆ ಎಂದಿದ್ದಾರೆ.

ನಿನ್ನ ಮೇಲೆ ಸಿಟ್ಟಿರುವ, ಆದರೂ ನಿನ್ನವಳೇ ಆದ,
ಅಕ್ಕ

ತಾ.ಕ.: ಪೆಟ್ಟಿಗೆ ಖಾಲಿ ಇದೆ ಎಂದದ್ದು ನಿಜ. ಚಿಕ್ಕಮುಳ್ಳು ಈಗ ಅದರಲ್ಲಿ ಹಿಡಿಸುವುದಿಲ್ಲ, ಹಿಡಿಸಿದರೂ ನಿಲ್ಲುವುದಿಲ್ಲ. ಬದುಕಿದ್ದಾನೆ. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಅವತ್ತು ನೀನು ಹೇಳಿದ ಹತ್ತು ವಾರ ಅವನಿಗೆ ನಿಜವಾಗಿ ಈಗ ತುಂಬಿದೆ. ಗಳಿಗೆಗೊಮ್ಮೆ ತಿನ್ನಿಸುವವಳು ನಾನು. ಹೊತ್ತಾಯಿತು ಎಂದು ಕರೆಯುವವರು ಇವರು, ಆದರೆ ತಾವು ಮುಟ್ಟುವುದಿಲ್ಲ. ಅವನು ಬಂದು ಇವರ ಪಾದದ ಮೇಲೆ ಮಲಗಿದರೆ, ಕಾಲು ಜೋಮು ಹಿಡಿದರೂ ಅಲ್ಲಾಡದೆ ಕೂರುತ್ತಾರೆ, ಕೈ ಮಾತ್ರ ಕೆಳಗೆ ಬರುವುದಿಲ್ಲ. ಬದುಕಿದೆಯಲ್ಲ, ಮತ್ತೇನು ರಗಳೆ ಎಂದು ನೀನು ಅನ್ನಬಾರದು ಎಂದೇ ಇದನ್ನು ಕೊನೆಗೆ ಬರೆದೆ. ಅವನು ಉಳಿದದ್ದು ಡಾಕ್ಟರಮ್ಮನಿಂದ, ನಿನ್ನ ಮಾತಿನಿಂದಲ್ಲ. ಭಾನುವಾರ ಅವನನ್ನೂ, ಅವನನ್ನು ಎತ್ತಿಕೊಳ್ಳಲಾರದ ಇವರನ್ನೂ ಕರೆದುಕೊಂಡು ಬರುತ್ತೇನೆ. ಆ ನಾಲ್ಕು ಮರಿಗಳು ಹುಟ್ಟಿದ್ದು ಯಾವತ್ತು? ನನಗಲ್ಲ, ಮೈಕಿನಲ್ಲಿ ಹೇಳು.