ಎರಡು ನಕ್ಷತ್ರದ ನಡುವೆ ಬಿದ್ದದ್ದು

ಕ್ಯಾತ್ಸಂದ್ರ, ತುಮಕೂರು
9-2-2025, ಭಾನುವಾರ

ಪ್ರೀತಿಯ ಮಗಳು ವಾಣಿಶ್ರೀಗೆ ನಿನ್ನ ಚಿಕ್ಕಪ್ಪನ ಆಶೀರ್ವಾದ.

ಚೌಕಾಬಾರದಲ್ಲಿ ನನ್ನನ್ನು ಸೋಲಿಸುವವನು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ. ಮೊಬೈಲ್ ಆಟದ ಕಂಪನಿಯವರೇ ಫೋನ್ ಮಾಡಿ, ‘ಸಾರ್, ಸ್ವಲ್ಪ ನಿಧಾನಕ್ಕೆ ಗೆಲ್ಲಿ’ ಎಂದು ಬೇಡಿಕೊಂಡಿದ್ದಾರೆ. ಅದಿರಲಿ, ನೀನು ಹೇಗಿದ್ದೀಯ? ಮಂಗಳೂರಿನ ಸೆಕೆಗೆ ಮೈಯೆಲ್ಲ ಬೆವರುಸಾಲೆ ಎಂದಿದ್ದೆಯಲ್ಲ, ಕಡಿಮೆಯಾಯಿತೇ? ಹಾಸ್ಟೆಲಿನ ಕುಚ್ಚಲಕ್ಕಿ ಅನ್ನ ಒಗ್ಗಿತೇ? ನರ್ಸಿಂಗ್ ಓದುವವಳು ಮೊದಲು ಹೊಟ್ಟೆ ತುಂಬ ಉಣ್ಣಬೇಕು. ಈ ಕಾಲದಲ್ಲಿ ಕಾಗದ ಯಾಕೆಂದರೆ, ನನ್ನ ಫೋನನ್ನು ನಿನ್ನ ಚಿಕ್ಕಮ್ಮ ರಾಗಿ ಡ್ರಮ್ಮಿನೊಳಗೆ ಹೂತಿಟ್ಟು ಮೇಲೆ ತಾನೇ ಕೂತಿದ್ದಾಳೆ.

ಇದಕ್ಕೆಲ್ಲ ನೀನೇ ಕಾರಣ. ಆಟದ ಚಾಟಿನಲ್ಲಿ ಮುಖ ಕಾಣುವುದಿಲ್ಲ, ಕೈ ಕಾಣುವುದಿಲ್ಲ. ಏನು ಮಾಡಬೇಕೋ ಅದನ್ನು ಎರಡು ನಕ್ಷತ್ರದ ನಡುವೆ ಬರೆದರೆ ಮಾಡಿದ ಹಾಗೆಯೇ ಲೆಕ್ಕ ಎಂದು ಸಂಕ್ರಾಂತಿಗೆ ಬಂದಾಗ ಕಲಿಸಿದವಳು ಯಾರು? ನಾನೂ ಕಲಿತೆ. ಎದುರಾಳಿಯ ಕಾಯಿ ಕಡಿದರೆ *ಮೀಸೆ ತಿರುವುತ್ತೇನೆ*. ಅವನು ಬೈದರೆ *ಎಲೆಯಡಿಕೆ ಉಗಿಯುತ್ತೇನೆ*. ಕುಣಿಗಲ್ ಕಡೆಯ ಹುಡುಗನೊಬ್ಬ *ಅಣ್ಣನ ಕಾಲಿಗೆ ಬೀಳುತ್ತೇನೆ* ಎಂದು ಬರೆದಾಗ ಇಲ್ಲಿ ಮಂಚದ ಮೇಲೆ ನಿಜವಾಗಿಯೂ ಕಾಲು ಚಾಚಿದೆ.

ಮೊನ್ನೆ ಗುರುವಾರ ನನ್ನ ಕೊನೆಯ ಕಾಯಿ ಹಣ್ಣಾಗಲು ಒಂದೇ ಮನೆ ಉಳಿದಿತ್ತು. ಯಾವನೋ ಬಂದು ಕಡಿದ. *ಎದೆ ಹಿಡಿದುಕೊಂಡು ಬಿದ್ದೆ* ಎಂದು ಬರೆದೆ. ಸೊಗಸಾಗಿದೆ ಅನ್ನಿಸಿ ಅದನ್ನೇ ನಮ್ಮ ಮನೆಯ ಹಿರಿಯರ ಗ್ರೂಪಿಗೂ ಹಾಕಿದೆ. ಆ ಗ್ರೂಪು ನಕ್ಷತ್ರಗಳನ್ನು ನುಂಗಿ ಅಕ್ಷರವನ್ನು ದಪ್ಪ ಮಾಡುತ್ತದೆ ಎಂದು ನೀನು ಹೇಳಿರಲಿಲ್ಲ. ನಾನು ಬಿದ್ದದ್ದು ಅಲ್ಲಿ ಕಪ್ಪಗೆ, ದಪ್ಪಗೆ ಕೂತುಬಿಟ್ಟಿತು. ಬಿದ್ದವನು ಟೈಪ್ ಮಾಡಿದ್ದು ಹೇಗೆ ಎಂದು ಒಬ್ಬರಾದರೂ ಯೋಚಿಸಬೇಡವೇ? ನಿಮ್ಮಪ್ಪ ಸಿ.ಎಸ್. ಪುರದಿಂದ ಕಾರು ಮಾಡಿಕೊಂಡು, ಅಂಗಿ ತಿರುವುಮುರುವು ಹಾಕಿಕೊಂಡು, ದಾರಿಯುದ್ದಕ್ಕೂ ಅಳುತ್ತ ಬಂದ. ನಾನು ತಟ್ಟೆ ಇಡ್ಲಿ ಹೋಟೆಲಿನಲ್ಲಿ ಎರಡನೇ ಸಲ ಚಟ್ನಿ ಹಾಕಿಸಿಕೊಳ್ಳುತ್ತಿದ್ದೆ.

‘ಏನ್ಲಾ ಬೆಟ್ಟಸ್ವಾಮಿ, ಬಿದ್ದವ್ನು ಇಡ್ಲಿ ತಿಂತಾ ಕೂತಿದೀಯಾ?’ ಎಂದ. ಅದು ಆಟದ ಬೀಳೋದು ಕಣಣ್ಣ ಎಂದೆ. ‘ದುಡ್ಡು ಕಟ್ಟಿ ಆಡಿದ್ಯಾ? ಎಷ್ಟು ಹೋಯ್ತು?’ ಎಂದ. ಮುನ್ನೂರು ಎಂದೆ. ‘ಮುನ್ನೂರಕ್ಕೆ ಎದೆ ಹಿಡ್ಕತೀಯಾ? ನಾಳೆ ನಿಜ್ವಾಗ್ಲೂ ಬಿದ್ರೂ ನಾನ್ ಬರಕಿಲ್ಲ ಬುಡು’ ಎಂದವನು ನೀರೂ ಕುಡಿಯದೆ ಹೋದ. ಚಿಕ್ಕಮ್ಮನ ಫೋನಿನಿಂದ ಮಾಡಿದರೆ ನನ್ನ ದನಿ ಕೇಳಿದೊಡನೆ ಕಟ್ ಮಾಡುತ್ತಾನೆ. ನಿನಗೂ ಅದರಲ್ಲೇ ಮಾಡೋಣವೆಂದರೆ ಅವಳು ಪಕ್ಕದಲ್ಲೇ ಕಿವಿಗೊಟ್ಟು ನಿಲ್ಲುತ್ತಾಳೆ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು ನಾವು. ಯುಗಾದಿಗೆ ಅವನು ಬರದಿದ್ದರೆ ಒಬ್ಬಟ್ಟು ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ನೀನು ಹೇಳಿದರೆ ಕೇಳುತ್ತಾನೆ.

ನಿನ್ನ ಕೈಯಲ್ಲಿ ಸೂಜಿ ಚುಚ್ಚಿಸಿಕೊಂಡವರಿಗೆ ನೋವು ಗೊತ್ತಾಗದಿರಲಿ, ಮಗಳೇ.

ಭೂಮಂಡಲದ ಚಾಂಪಿಯನ್,
ನಿನ್ನ ಚಿಕ್ಕಪ್ಪ ಬೆಟ್ಟಸ್ವಾಮಿ

ಬರೆಯದೆ ಬಿಟ್ಟದ್ದು: ನಿಮ್ಮಪ್ಪನಿಗೆ ಸಿಟ್ಟು ನಾನು ಬೀಳದೆ ಇದ್ದುದಕ್ಕಲ್ಲ, ಮುನ್ನೂರಕ್ಕೆ ಬಿದ್ದೆ ಎಂದದ್ದಕ್ಕೆ. ಎದೆ ಹಿಡಿದುಕೊಂಡದ್ದು ಮಾತ್ರ ನಿಜ ಕಣವ್ವ. ಚಿಕ್ಕಮ್ಮನಿಗೆ ತಿಳಿಯದ ಹಾಗೆ ಅವನೊಬ್ಬನಿಗೆ ಹೇಳು. ಕಾಗದ ನಕ್ಷತ್ರವನ್ನು ನುಂಗುವುದಿಲ್ಲ, ನೋಡು: *ತಲೆ ತಗ್ಗಿಸುತ್ತೇನೆ*. ಹೋದದ್ದು ಹದಿನಾರು ಸಾವಿರದ ಎಂಟುನೂರು.